ನೆಟ್ ಸರಿ ಇದೆ, ವಿಳಾಸ ತಪ್ಪಿದೆ: ಬೇರೆ ಬೇರೆ ಪ್ರೊಸೆಸರ್‌ಗಳಿಗೆ ಲಿನಕ್ಸ್ ರೆಪೊಸಿಟರಿ ಹೊಂದಿಸೋದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಹಿಡಿದು ಬೆಂಗಳೂರಿನ ಪಿಜಿ ರೂಮುಗಳ ತನಕ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋ ಎಲ್ಲರಿಗೂ ಸ್ವಾಗತ.

ನಮ್ಮ ಕಡೆ ಕಂಪ್ಯೂಟರ್ ಕೈಕೊಟ್ರೆ ಮೊದಲು ಬೈಗುಳ ತಿನ್ನೋದು ನೆಟ್‌ವರ್ಕು. ಅದರಲ್ಲಿ ತಪ್ಪೇನಿಲ್ಲ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುತ್ತೆ, ಕರೆಂಟ್ ಹೋಗುತ್ತೆ, ಹಿಂದೆಯೇ ಟವರ್ ಸುಮ್ಮನಾಗುತ್ತೆ. ಮನೆಯಿಂದ ಎದ್ದು ಗುಡ್ಡ ಹತ್ತಿದ್ರೇನೇ ಸಿಗ್ನಲ್ ಸಿಗೋ ಊರುಗಳು ಈ ಮೂರೂ ತಾಲೂಕಿನಲ್ಲಿವೆ. ಹಾಗಾಗಿ ಸ್ಕ್ರೀನ್ ಮೇಲೆ ಕೆಂಪಕ್ಷರ ಕಂಡ ತಕ್ಷಣ ‘ನೆಟ್ ಇಲ್ಲ ಮಾರಾಯ’ ಅಂತ ಎದ್ದು ಹೋಗೋದು ನಮಗೆ ಅಭ್ಯಾಸ ಆಗಿಬಿಟ್ಟಿದೆ.

ಆದ್ರೆ ಲಿನಕ್ಸ್‌ನಲ್ಲಿ ಒಂದು ಕೆಂಪಕ್ಷರ ಇದೆ, ಅದು ನೆಟ್ ಇಲ್ಲ ಅಂತ ಹೇಳ್ತಾ ಇರೋದಿಲ್ಲ. ‘404 ನಾಟ್ ಫೌಂಡ್’. ಇದರ ಅರ್ಥ ಏನು? ನಿಮ್ಮ ಕಂಪ್ಯೂಟರ್ ಇಲ್ಲಿಂದ ಹೊರಟು ಸರ್ವರ್ ತನಕ ಹೋಗಿದೆ, ಬಾಗಿಲು ತಟ್ಟಿದೆ, ಒಳಗಿನವರು ‘ನೀನು ಕೇಳಿದ್ದು ನಮ್ಮಲ್ಲಿಲ್ಲ’ ಅಂದಿದ್ದಾರೆ. ನೆಟ್ ಸರಿ ಇದ್ದಿದ್ದಕ್ಕೇ ಈ ಉತ್ತರ ಬಂದಿದ್ದು. ‘ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್’ ಅಥವಾ ‘ಕನೆಕ್ಷನ್ ಟೈಮ್ಡ್ ಔಟ್’ ಅಂತ ಬಂದ್ರೆ ಧಾರಾಳವಾಗಿ ನೆಟ್‌ವರ್ಕ್ ಬೈಯಿರಿ. 404 ಬಂದ್ರೆ ವಿಳಾಸ ನೋಡಿ.

ಆ ವಿಳಾಸ ತಪ್ಪೋಕೆ ಕಾರಣ ಬೇರೆ ಬೇರೆ ಇರಬಹುದು. ಇವತ್ತು ನಾನು ಒಂದನ್ನ ಪೂರ್ತಿ ಬಿಡಿಸಿ ಹೇಳ್ತೀನಿ: ಪ್ರೊಸೆಸರ್ ಒಂದು ಜಾತಿಯದು, ಕೇಳಿದ ಜಾಗ ಇನ್ನೊಂದು ಜಾತಿಯದು. ಈಗ ಒಂದೇ ಶಾಲೆಯ ಲ್ಯಾಬಿನಲ್ಲಿ ಹಳೇ 32 ಬಿಟ್ ಡೆಸ್ಕ್‌ಟಾಪ್, ಹೊಸ ಲ್ಯಾಪ್‌ಟಾಪ್, ರಾಸ್ಪ್‌ಬೆರಿ ಪೈ ಮೂರೂ ಇರ್ತಾವೆ. ಅಪ್‌ಡೇಟ್ ಆಗಲ್ಲ ಅನ್ನೋ ಒಂದೇ ಕಾರಣಕ್ಕೆ ಕೆಲಸ ಮಾಡೋ ಮಷೀನು ಮೂಲೆ ಸೇರುತ್ತೆ. ಅದು ಹಾಗಾಗಬಾರದು ಅನ್ನೋದು ಈ ಸಂಚಿಕೆಯ ಉದ್ದೇಶ.

ಒಂದು ಸೂಚನೆ. ಕಮಾಂಡುಗಳನ್ನ ನಾನು ಬಾಯಲ್ಲಿ ಬಿಡಿಸಿ ಹೇಳ್ತೀನಿ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಿ.

ಒಂದೇ ಕೊನೆ, ಎರಡು ಅಡಿಕೆ

ಆರ್ಕಿಟೆಕ್ಚರ್ ಅನ್ನೋ ಪದ ಕೇಳಿ ಹೆದರಬೇಡಿ. ಅಡಿಕೆ ಗೊತ್ತಲ್ಲ, ಅಷ್ಟು ಸಾಕು.

ಒಂದೇ ಮರದ ಕೊನೆಯನ್ನ ಹಸಿರಿರುವಾಗಲೇ ಇಳಿಸಿ, ಸುಲಿದು, ಬೇಯಿಸಿ ಒಣಗಿಸಿದ್ರೆ ಕೆಂಪಡಿಕೆ. ಅದನ್ನೇ ಹಣ್ಣಾಗೋಕೆ ಬಿಟ್ಟು, ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸಿ ಆಮೇಲೆ ಸುಲಿದ್ರೆ ಚಾಲಿ. ಮೂಲ ಒಂದೇ, ತಯಾರಿ ಬೇರೆ, ಕೊಳ್ಳುವವರೂ ಬೇರೆ. ಇನ್ನೂ ಒಂದು ಮಾತು: ಬೇಯಿಸಿ ಕೆಂಪು ಮಾಡಿದ ಅಡಿಕೆಯನ್ನ ವಾಪಸ್ ಚಾಲಿ ಮಾಡೋಕೆ ಬರಲ್ಲ. ಚಾಲಿ ಬೇಕು ಅಂದ್ರೆ ಮತ್ತೆ ಮರದ ಹತ್ತಿರವೇ ಹೋಗಬೇಕು.

ಸಾಫ್ಟ್‌ವೇರೂ ಹಾಗೇ. ಪ್ರೋಗ್ರಾಮರ್ ಬರೆಯೋ ಸೋರ್ಸ್ ಕೋಡ್ ಅಂದ್ರೆ ಕೊನೆ. ಅದನ್ನ ಕಂಪೈಲ್ ಮಾಡಿ ಇಂಟೆಲ್, ಎಎಂಡಿ ಪ್ರೊಸೆಸರ್‌ಗೆ ಒಂದು ಪ್ಯಾಕೇಜ್, ಆರ್ಮ್ ಪ್ರೊಸೆಸರ್‌ಗೆ ಇನ್ನೊಂದು ಪ್ಯಾಕೇಜ್ ತಯಾರಿಸ್ತಾರೆ. ಒಂದಕ್ಕೆ ಕಂಪೈಲ್ ಆದದ್ದು ಇನ್ನೊಂದಕ್ಕೆ ನೇರವಾಗಿ ಅರ್ಥ ಆಗಲ್ಲ. ಆ ಪ್ರೊಸೆಸರ್‌ಗೆ ಬೇಕು ಅಂದ್ರೆ ಸೋರ್ಸ್ ಕೋಡ್‌ನಿಂದ ಮತ್ತೆ ಶುರು ಮಾಡಬೇಕು.

ರೆಪೊಸಿಟರಿ ಅಂದ್ರೆ ಇದನ್ನೆಲ್ಲ ಜೋಡಿಸಿಟ್ಟ ವಖಾರಿ. ಶಿರಸಿ ಅಥವಾ ಯಲ್ಲಾಪುರದ ಮಾರುಕಟ್ಟೆ ಯಾರ್ಡಿನಲ್ಲಿ ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು, ಕೆಂಪುಗೋಟು ಅಂತ ಬೇರೆ ಬೇರೆ ಲಾಟು ಇರುತ್ತಲ್ಲ, ಹಾಗೆ ರೆಪೊಸಿಟರಿಯಲ್ಲೂ ಪ್ರತಿ ಪ್ರೊಸೆಸರ್‌ಗೆ ಬೇರೆ ಪಟ್ಟಿ ಇರುತ್ತೆ. ‘ಬೈನರಿ ಹೈಫನ್ ಎಎಂಡಿ64’ ಒಂದು ಫೋಲ್ಡರ್, ‘ಬೈನರಿ ಹೈಫನ್ ಆರ್ಮ್64’ ಇನ್ನೊಂದು ಫೋಲ್ಡರ್. ಒಳಗೆ ‘ಪ್ಯಾಕೇಜಸ್’ ಅನ್ನೋ ಪಟ್ಟಿ. ಎಲ್ಲದಕ್ಕೂ ಮೇಲೆ ‘ರಿಲೀಸ್’ ಅನ್ನೋ ಒಂದು ಫೈಲ್. ಈ ವಖಾರಿಯಲ್ಲಿ ಯಾವ ಯಾವ ಆರ್ಕಿಟೆಕ್ಚರ್ ಸಿಗುತ್ತೆ ಅನ್ನೋದು ಅದರಲ್ಲಿ ಬರೆದಿರುತ್ತೆ.

ಮೊದಲು ಮಷೀನಿನ ಹೆಸರು ಕೇಳಿ

ಈಗ ನಿಮ್ಮ ಕೈಯಲ್ಲಿರೋ ಫೋನ್ ತಗೊಳ್ಳಿ. ಇವತ್ತಿನ ಆಂಡ್ರಾಯ್ಡ್ ಫೋನುಗಳಲ್ಲಿ ಇರೋದು ಬಹುಪಾಲು 64 ಬಿಟ್ ಆರ್ಮ್ ಪ್ರೊಸೆಸರ್. 2019ರ ಆಗಸ್ಟ್ 1ರಿಂದ ಪ್ಲೇ ಸ್ಟೋರಿಗೆ ಬರೋ ಆಪ್‌ಗಳಲ್ಲಿ 32 ಬಿಟ್‌ನ ನೇಟಿವ್ ಕೋಡ್ ಇದ್ರೆ ಅದರ 64 ಬಿಟ್ ರೂಪವೂ ಇರಲೇಬೇಕು ಅಂತ ಗೂಗಲ್ ನಿಯಮ ಮಾಡಿತು. ನೀವು ಪ್ಲೇ ಸ್ಟೋರಲ್ಲಿ ಇನ್‌ಸ್ಟಾಲ್ ಒತ್ತಿದಾಗ ನಿಮ್ಮ ಪ್ರೊಸೆಸರ್‌ಗೆ ಸರಿಯಾದ ತುಣುಕನ್ನ ಅದೇ ಆರಿಸಿ ಕೊಡುತ್ತೆ. ಅದಕ್ಕೇ ಈ ವಿಷಯ ನಿಮಗೆ ಗೊತ್ತೇ ಆಗಿರಲಿಲ್ಲ. ಗೆಳೆಯ ಕಳಿಸಿದ ಎಪಿಕೆ ಫೈಲ್ ಒತ್ತಿದಾಗ ‘ಆಪ್ ನಾಟ್ ಇನ್‌ಸ್ಟಾಲ್ಡ್’ ಅಂತ ಬಂದಿದ್ರೆ, ಇದೂ ಅದಕ್ಕೆ ಒಂದು ಕಾರಣ ಆಗಿರಬಹುದು.

ಲಿನಕ್ಸ್‌ನಲ್ಲಿ ಇದನ್ನ ಕೇಳೋ ಕಮಾಂಡ್ ಇದು: ‘ಡಿಪಿಕೆಜಿ, ಸ್ಪೇಸ್, ಎರಡು ಹೈಫನ್, ಪ್ರಿಂಟ್ ಹೈಫನ್ ಆರ್ಕಿಟೆಕ್ಚರ್’. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್, ರಾಸ್ಪ್‌ಬೆರಿ ಪೈ ಓಎಸ್ ಎಲ್ಲದರಲ್ಲೂ ನಡೆಯುತ್ತೆ. ಉತ್ತರ ಒಂದೇ ಪದ.

ಎಎಂಡಿ64 ಅಂತ ಬಂದ್ರೆ ಸಾಮಾನ್ಯ 64 ಬಿಟ್ ಲ್ಯಾಪ್‌ಟಾಪ್. ‘ನನ್ನದು ಇಂಟೆಲ್, ಎಎಂಡಿ ಅಂತ ಯಾಕೆ ಬಂತು?’ ಅಂತ ತುಂಬ ಜನ ಕೇಳ್ತಾರೆ. ಈ 64 ಬಿಟ್ ವಿಸ್ತರಣೆಯನ್ನ ಮೊದಲು ರೂಪಿಸಿದ್ದು ಎಎಂಡಿ. 2003ರಲ್ಲಿ ಅದರ ಆಪ್ಟೆರಾನ್ ಪ್ರೊಸೆಸರ್ ಬಂತು, ಆಮೇಲೆ ಇಂಟೆಲ್ ಕೂಡ ಅದೇ ದಾರಿ ಹಿಡೀತು, ಹೆಸರು ಹಾಗೇ ಉಳೀತು. ಐ386 ಅಂದ್ರೆ ಹಳೇ 32 ಬಿಟ್ ಪಿಸಿ. ಆರ್ಮ್64 ಅಂದ್ರೆ 64 ಬಿಟ್ ಆರ್ಮ್. ಆರ್ಮ್‌ಎಚ್‌ಎಫ್ ಅಂದ್ರೆ 32 ಬಿಟ್ ಆರ್ಮ್.

‘ಯುನೇಮ್ ಹೈಫನ್ ಎಂ’ ಅಂತ ಇನ್ನೊಂದು ಕಮಾಂಡ್ ಇದೆ, ಅನೇಕರು ಅದನ್ನೇ ಬಳಸ್ತಾರೆ. ಅದು ಹೇಳೋದು ಕರ್ನಲ್‌ನ ಹೆಸರು. ಎಎಂಡಿ64 ಅನ್ನೋದನ್ನ ಅದು ಎಕ್ಸ್86 ಅಂಡರ್‌ಸ್ಕೋರ್ 64 ಅನ್ನುತ್ತೆ, ಆರ್ಮ್64 ಅನ್ನೋದನ್ನ ಎಆರ್ಚ್64 ಅನ್ನುತ್ತೆ. ಇಲ್ಲಿ ಒಂದು ಕಡೆ ಕಾಲು ಜಾರುತ್ತೆ. ರಾಸ್ಪ್‌ಬೆರಿ ಪೈ 4ರಲ್ಲಿ 32 ಬಿಟ್ ಓಎಸ್ ಹಾಕಿದ್ರೂ ಕರ್ನಲ್ ಮಾತ್ರ 64 ಬಿಟ್‌ನದ್ದು ಓಡ್ತಾ ಇರಬಹುದು. ಆಗ ಯುನೇಮ್ ಎಆರ್ಚ್64 ಅನ್ನುತ್ತೆ, ಡಿಪಿಕೆಜಿ ಆರ್ಮ್‌ಎಚ್‌ಎಫ್ ಅನ್ನುತ್ತೆ. ಪ್ಯಾಕೇಜ್ ವಿಷಯದಲ್ಲಿ ಡಿಪಿಕೆಜಿ ಮಾತೇ ಕಡೆಯ ಮಾತು.

ಆರ್ಮ್ ಮೇಲೆ ಲಿನಕ್ಸ್ ಅನ್ನೋದು ಕರ್ನಾಟಕಕ್ಕೆ ಹೊಸ ಸಂಗತಿ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್ಕೋರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್ ನೆನಪಿದೆಯಾ? ನಿಮ್ಮಲ್ಲಿ ಹಲವರು ಹುಟ್ಟೋ ಮೊದಲೇ, ಈ ಶತಮಾನದ ಶುರುವಿನಲ್ಲೇ, ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಮೇಲೆ ಲಿನಕ್ಸ್ ಓಡಿಸಿದ ಅಂಗೈ ಕಂಪ್ಯೂಟರ್ ಅದು. ಅದರ ಪ್ರೋಗ್ರಾಮುಗಳನ್ನೂ ಆರ್ಮ್‌ಗೆ ಅಂತಲೇ ಬೇರೆ ಕಂಪೈಲ್ ಮಾಡಬೇಕಿತ್ತು. ಸಮಸ್ಯೆ ಹಳೇದು. ಈಗ ಎಲ್ಲರ ಮನೆಗೂ ಬಂದಿದೆ, ಅಷ್ಟೇ.

ಡೆಬಿಯನ್‌ನಲ್ಲಿ ಒಂದೇ ಯಾರ್ಡ್, ಉಬುಂಟುವಿನಲ್ಲಿ ಎರಡು

ಈಗ ಕೆಲಸಕ್ಕೆ ಬರೋಣ. ಒಂದು ಮಷೀನಿಗೆ ಬೇರೆ ಆರ್ಕಿಟೆಕ್ಚರ್ ಯಾಕೆ ಬೇಕು? ಎರಡು ಸಂದರ್ಭ ಸಾಮಾನ್ಯ. ಒಂದು, 64 ಬಿಟ್ ಲ್ಯಾಪ್‌ಟಾಪಿನಲ್ಲಿ ಹಳೇ 32 ಬಿಟ್ ಪ್ರೋಗ್ರಾಮ್ ಓಡಿಸಬೇಕು. ವಿಂಡೋಸ್‌ನ ಹಳೇ ಲೆಕ್ಕಪತ್ರದ ಸಾಫ್ಟ್‌ವೇರನ್ನ ವೈನ್ ಮೂಲಕ ನಡೆಸೋರಿಗೆ ಇದು ಗೊತ್ತಿರುತ್ತೆ. ಎರಡು, ಲ್ಯಾಪ್‌ಟಾಪಿನಲ್ಲಿ ಕೂತು ರಾಸ್ಪ್‌ಬೆರಿ ಪೈಗೆ ಪ್ರೋಗ್ರಾಮ್ ಕಂಪೈಲ್ ಮಾಡಬೇಕು. ತೋಟದ ನೀರಿನ ಪಂಪಿಗೋ, ಮಳೆ ಅಳೆಯೋ ಯಂತ್ರಕ್ಕೋ ಪೈ ಜೋಡಿಸೋ ಹುಡುಗರಿಗೆ ಇದು ಬೇಕಾಗುತ್ತೆ. ದೊಡ್ಡ ಪ್ರೋಗ್ರಾಮನ್ನ ಪೈ ಮೇಲೇ ಕಂಪೈಲ್ ಮಾಡೋಕೆ ಕೂತ್ರೆ ಕಾಯೋದೇ ಕೆಲಸ.

ಡೆಬಿಯನ್‌ಗೆ ಈ ಸೌಲಭ್ಯ ಬಂದಿದ್ದು 2013ರ ಮೇ ತಿಂಗಳ ಡೆಬಿಯನ್ 7ರಲ್ಲಿ. ಇದಕ್ಕೆ ಮಲ್ಟಿಆರ್ಚ್ ಅಂತ ಹೆಸರು. ಕಮಾಂಡ್: ‘ಸುಡೊ ಡಿಪಿಕೆಜಿ, ಎರಡು ಹೈಫನ್, ಆ್ಯಡ್ ಹೈಫನ್ ಆರ್ಕಿಟೆಕ್ಚರ್, ಸ್ಪೇಸ್, ಆರ್ಮ್64’. ಆಮೇಲೆ ‘ಸುಡೊ ಆಪ್ಟ್ ಅಪ್‌ಡೇಟ್’. ಡೆಬಿಯನ್ ಆದ್ರೆ ಇಷ್ಟಕ್ಕೇ ಮುಗೀತು. ಯಾಕಂದ್ರೆ ಡೆಬಿಯನ್ ತನ್ನ ಅಧಿಕೃತ ಆರ್ಕಿಟೆಕ್ಚರ್‌ಗಳನ್ನೆಲ್ಲ ಒಂದೇ ವಿಳಾಸದಲ್ಲಿ ಇಟ್ಟಿದೆ. ಒಂದೇ ಯಾರ್ಡ್, ಎಲ್ಲ ಲಾಟೂ ಅಲ್ಲೇ.

ಉಬುಂಟುವಿನಲ್ಲಿ ಹಾಗಲ್ಲ. ಉದಾಹರಣೆಗೆ ಉಬುಂಟು 24.04 ತಗೊಳ್ಳಿ. ‘ಆರ್ಕೈವ್ ಡಾಟ್ ಉಬುಂಟು ಡಾಟ್ ಕಾಮ್’ ಅನ್ನೋ ಮುಖ್ಯ ವಿಳಾಸದಲ್ಲಿ ಸಿಗೋದು ಎಎಂಡಿ64 ಮತ್ತು ಐ386 ಮಾತ್ರ. ಆರ್ಮ್64, ಆರ್ಮ್‌ಎಚ್‌ಎಫ್, ರಿಸ್ಕ್‌ವಿ64 ಎಲ್ಲ ಇರೋದು ‘ಪೋರ್ಟ್ಸ್ ಡಾಟ್ ಉಬುಂಟು ಡಾಟ್ ಕಾಮ್’ ಅನ್ನೋ ಇನ್ನೊಂದು ವಿಳಾಸದಲ್ಲಿ. ಆರ್ಮ್64 ಸೇರಿಸಿ ಸುಮ್ಮನೆ ಅಪ್‌ಡೇಟ್ ಹೊಡೆದ್ರೆ, ಆಪ್ಟ್ ಮುಖ್ಯ ವಿಳಾಸಕ್ಕೇ ಹೋಗಿ ‘ಬೈನರಿ ಹೈಫನ್ ಆರ್ಮ್64 ಕೊಡಿ’ ಅನ್ನುತ್ತೆ. ಅಲ್ಲಿ ಇಲ್ಲ. 404 ಸಾಲುಸಾಲಾಗಿ ಸುರಿಯುತ್ತೆ. ನೋಡೋರಿಗೆ ನೆಟ್ ಹೋದ ಹಾಗೇ ಕಾಣುತ್ತೆ.

ಪರಿಹಾರ ಏನಂದ್ರೆ, ಯಾವ ಆರ್ಕಿಟೆಕ್ಚರ್ ಯಾವ ವಿಳಾಸದಲ್ಲಿ ಸಿಗುತ್ತೆ ಅಂತ ಆಪ್ಟ್‌ಗೆ ಸ್ಪಷ್ಟವಾಗಿ ಹೇಳೋದು. 24.04ರಲ್ಲಿ ಈ ವಿವರ ಇರೋದು ‘ಈಟಿಸಿ, ಆಪ್ಟ್, ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ’ ಫೋಲ್ಡರಿನ ‘ಉಬುಂಟು ಡಾಟ್ ಸೋರ್ಸಸ್’ ಫೈಲಿನಲ್ಲಿ. ಮೊದಲು ಅದರ ಒಂದು ಪ್ರತಿ ತೆಗೆದು ಹೋಮ್ ಫೋಲ್ಡರಿನಲ್ಲಿ ಇಡಿ. ಆಮೇಲೆ ಫೈಲ್ ತೆರೀರಿ. ಒಳಗೆ ಎರಡು ಭಾಗ ಇರುತ್ತೆ. ಒಂದು ಆರ್ಕೈವ್ ವಿಳಾಸದ್ದು, ಇನ್ನೊಂದು ಸೆಕ್ಯುರಿಟಿ ವಿಳಾಸದ್ದು. ಎರಡಕ್ಕೂ ಒಂದೊಂದು ಸಾಲು ಸೇರಿಸಿ: ‘ಆರ್ಕಿಟೆಕ್ಚರ್ಸ್, ಕೋಲನ್, ಎಎಂಡಿ64’. ವೈನ್ ಥರದ 32 ಬಿಟ್ ಕೆಲಸ ಇದ್ರೆ ಅದೇ ಸಾಲಿನಲ್ಲಿ ಸ್ಪೇಸ್ ಕೊಟ್ಟು ಐ386 ಕೂಡ ಬರೀರಿ.

ಈಗ ಮೂರನೇ ಭಾಗ. ಒಂದು ಖಾಲಿ ಸಾಲು ಬಿಟ್ಟು ಹೊಸದಾಗಿ ಬರೀಬೇಕು. ಟೈಪ್ಸ್‌ನಲ್ಲಿ ‘ಡೆಬ್’. ಯುಆರ್‌ಐಸ್‌ನಲ್ಲಿ ಪೋರ್ಟ್ಸ್ ವಿಳಾಸ, ಕೊನೆಗೆ ಸ್ಲ್ಯಾಶ್ ಹಾಕಿ ‘ಉಬುಂಟು ಹೈಫನ್ ಪೋರ್ಟ್ಸ್’. ಸೂಟ್ಸ್‌ನಲ್ಲಿ ‘ನೋಬಲ್’, ‘ನೋಬಲ್ ಹೈಫನ್ ಅಪ್‌ಡೇಟ್ಸ್’, ‘ನೋಬಲ್ ಹೈಫನ್ ಸೆಕ್ಯುರಿಟಿ’ ಮೂರೂ. ಕಾಂಪೊನೆಂಟ್ಸ್‌ನಲ್ಲಿ ‘ಮೇನ್ ಯೂನಿವರ್ಸ್’. ಆರ್ಕಿಟೆಕ್ಚರ್ಸ್‌ನಲ್ಲಿ ‘ಆರ್ಮ್64’. ಕೊನೆಗೆ ‘ಸೈನ್ಡ್ ಹೈಫನ್ ಬೈ’, ಮೇಲಿನ ಭಾಗದಲ್ಲಿ ಇರೋ ಕೀರಿಂಗ್ ದಾರಿಯನ್ನೇ ಇಲ್ಲೂ ಇಳಿಸಿ. ಸೇವ್ ಮಾಡಿ ಮತ್ತೆ ಅಪ್‌ಡೇಟ್ ಹೊಡೀರಿ. 404 ಹೋಗಿರುತ್ತೆ.

ಹಳೇ ಮಾದರಿಯ ಒಂದು ಸಾಲಿನ ಫೈಲ್ ಇರೋರು ‘ಡೆಬ್’ ಆದ ಮೇಲೆ ಚೌಕ ಕಂಸದಲ್ಲಿ ‘ಆರ್ಚ್, ಈಕ್ವಲ್ಸ್, ಎಎಂಡಿ64’ ಅಂತ ಬರೀಬೇಕು. ಅರ್ಥ ಒಂದೇ.

ಹೊರಗಿನ ಕಂಪನಿಗಳ ರೆಪೊಸಿಟರಿಗೂ ಇದೇ ಮದ್ದು. ಬ್ರೌಸರೋ, ಎಡಿಟರೋ ಹಾಕಿದಾಗ ಅವರ ವಿಳಾಸ ನಿಮ್ಮ ಪಟ್ಟಿಗೆ ಸೇರಿರುತ್ತೆ. ನೀವು ಐ386 ಸೇರಿಸಿದ ಮೇಲೆ ‘ಸ್ಕಿಪ್ಪಿಂಗ್ ಅಕ್ವೈರ್’ ಅಂತ ಶುರುವಾಗಿ ‘ಡಸಂಟ್ ಸಪೋರ್ಟ್ ಆರ್ಕಿಟೆಕ್ಚರ್ ಐ386’ ಅಂತ ಮುಗಿಯೋ ಸೂಚನೆ ಬರಬಹುದು. ಅವರ ರಿಲೀಸ್ ಫೈಲ್ ನೋಡಿ, ಇಲ್ಲಿ 32 ಬಿಟ್ ಇಲ್ಲ ಅಂತ ತಿಳಿದುಕೊಂಡು, ಆಪ್ಟ್ ಮುಂದೆ ಹೋಗಿದೆ ಅಷ್ಟೇ. ಏನೂ ಕೆಟ್ಟಿಲ್ಲ. ಆ ಸಾಲಿಗೆ ಎಎಂಡಿ64 ಅಂತ ಗುರುತು ಹಾಕಿದ್ರೆ ಸೂಚನೆಯೂ ನಿಲ್ಲುತ್ತೆ.

ಫೆಡೋರಾ ಬಳಸೋರಿಗೆ ಈ ತಲೆಬಿಸಿ ಕಡಿಮೆ. ಅಲ್ಲಿ ರೆಪೊ ಫೈಲಿನ ವಿಳಾಸದೊಳಗೇ ‘ಡಾಲರ್ ಬೇಸ್‌ಆರ್ಚ್’ ಅನ್ನೋ ಜಾಗ ಬಿಟ್ಟಿರ್ತಾರೆ. ಮಷೀನು ಯಾವುದೋ ಆ ಹೆಸರು ತಾನೇ ತುಂಬಿಕೊಳ್ಳುತ್ತೆ.

ವೈ ಒತ್ತೋ ಮೊದಲು ಓದಿ

ಈಗ ನಿಜವಾದ ಅಪಾಯದ ಜಾಗ. ಆರ್ಕಿಟೆಕ್ಚರ್ ಸೇರಿಸೋದು ಅಂದ್ರೆ ಪಟ್ಟಿ ಓದೋ ಅನುಮತಿ ಮಾತ್ರ. ಅದರಿಂದ ನಿಮ್ಮ ಪ್ರೊಸೆಸರ್ ಹೊಸ ಭಾಷೆ ಕಲಿಯಲ್ಲ. 64 ಬಿಟ್ ಪಿಸಿ ಪ್ರೊಸೆಸರ್ 32 ಬಿಟ್ ಪಿಸಿಯ ಕೋಡ್ ಓಡಿಸುತ್ತೆ, ಅದು ಹುಟ್ಟುಗುಣ. ಆದ್ರೆ ಆರ್ಮ್64 ಪ್ರೋಗ್ರಾಮ್ ಓಡಿಸೋಕೆ ಕ್ಯೂಎಮು ಥರದ ಅನುವಾದಕ ಬೇಕೇಬೇಕು.

ಲೈಬ್ರರಿ ಪ್ಯಾಕೇಜುಗಳು ಸಾಮಾನ್ಯವಾಗಿ ಅಕ್ಕಪಕ್ಕ ಕೂರ್ತಾವೆ. ಎರಡಕ್ಕೂ ಬೇರೆ ಬೇರೆ ಫೋಲ್ಡರ್ ಇದೆ. ಪ್ರೋಗ್ರಾಮುಗಳು ಹಾಗಲ್ಲ, ಒಂದು ಹೆಸರಿಗೆ ಒಂದೇ ಜಾಗ. ಪ್ಯಾಕೇಜ್ ಹೆಸರಿನ ಮುಂದೆ ‘ಕೋಲನ್ ಐ386’ ಅಂತ ಬರೆದು ಇನ್‌ಸ್ಟಾಲ್ ಮಾಡಿದಾಗ, ಜಾಗ ಮಾಡಿಕೊಡೋಕೆ ಆಪ್ಟ್ ನಿಮ್ಮ ಮೂಲ ಪ್ಯಾಕೇಜುಗಳನ್ನ ತೆಗೀತೀನಿ ಅನ್ನಬಹುದು. ‘ದ ಫಾಲೋಯಿಂಗ್ ಪ್ಯಾಕೇಜಸ್ ವಿಲ್ ಬಿ ರಿಮೂವ್ಡ್’ ಅನ್ನೋ ಸಾಲು ಬಂದ್ರೆ ಬೆರಳನ್ನ ಕೀಬೋರ್ಡಿನಿಂದ ಎತ್ತಿ. ಕೆಳಗಿನ ಪಟ್ಟಿಯಲ್ಲಿ ನಿಮ್ಮ ಡೆಸ್ಕ್‌ಟಾಪಿನ ಹೆಸರೋ, ನೆಟ್‌ವರ್ಕ್ ಮ್ಯಾನೇಜರೋ ಕಂಡ್ರೆ ‘ಎನ್’ ಒತ್ತಿ ಹೊರಗೆ ಬನ್ನಿ. ನೆಟ್‌ವರ್ಕ್ ಮ್ಯಾನೇಜರ್ ಹೋದ ಮಷೀನಿಗೆ ಅದನ್ನ ವಾಪಸ್ ತರೋಕೂ ನೆಟ್ ಇರಲ್ಲ. ಪೇಟೆಯಿಂದ 30 ಕಿಲೋಮೀಟರ್ ದೂರದ ಶಾಲೆಯಲ್ಲಿ ಹೀಗಾದ್ರೆ ಆ ಕಂಪ್ಯೂಟರಿನ ಕತೆ ಅಲ್ಲಿಗೇ ನಿಲ್ಲಬಹುದು.

ಫೋನಿನಲ್ಲಿ ಟರ್ಮಕ್ಸ್ ಬಳಸೋರಿಗೂ ಒಂದು ಮಾತು. ಅದರಲ್ಲೂ ಆಪ್ಟ್ ಇದೆ, ಪ್ರೊಸೆಸರೂ 64 ಬಿಟ್ ಆರ್ಮ್. ಹಾಗಂತ ಡೆಬಿಯನ್‌ನ ವಿಳಾಸವನ್ನ ಟರ್ಮಕ್ಸ್‌ಗೆ ಸೇರಿಸಬೇಡಿ. ಆಂಡ್ರಾಯ್ಡಿನ ತಳಪಾಯದ ಲೈಬ್ರರಿ ಬೇರೆ, ಡೆಬಿಯನ್‌ನದ್ದು ಬೇರೆ. ಪ್ರೊಸೆಸರ್ ಹೊಂದಿದ ಮಾತ್ರಕ್ಕೆ ಪ್ಯಾಕೇಜ್ ಹೊಂದಲ್ಲ. ಡೆಬಿಯನ್ನೇ ಬೇಕು ಅಂದ್ರೆ ‘ಪ್ರೂಟ್ ಡಿಸ್ಟ್ರೋ’ ಅನ್ನೋ ಪ್ಯಾಕೇಜ್ ಹಾಕಿ, ಅದರೊಳಗೆ ಬೇರೆಯಾಗಿ ಇಟ್ಟುಕೊಳ್ಳಿ.

ಕನ್ನಡ ಅಕ್ಷರಕ್ಕೆ ಆರ್ಕಿಟೆಕ್ಚರ್ ಇಲ್ಲ

ಇಷ್ಟು ಹೊತ್ತು ಬೇರೆ ಬೇರೆ ಅಂದೆ. ಎಲ್ಲರಿಗೂ ಒಂದೇ ಆಗಿರೋ ಪ್ಯಾಕೇಜುಗಳೂ ಇವೆ. ಅವುಗಳ ಮೇಲೆ ‘ಆಲ್’ ಅಂತ ಗುರುತು ಇರುತ್ತೆ. ಕಂಪೈಲ್ ಮಾಡೋ ಅಗತ್ಯವೇ ಇಲ್ಲದ್ದು ಇದರಲ್ಲಿ ಬರುತ್ತೆ. ಫಾಂಟು, ಚಿತ್ರ, ಕೈಪಿಡಿ ಇಂಥವು.

ನಮ್ಮದೇ ಉದಾಹರಣೆ ನೋಡಿ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟ್ ಇವೆ. ಎರಡೂ ‘ಆಲ್’. ಪೈ ಇರಲಿ, ಲ್ಯಾಪ್‌ಟಾಪ್ ಇರಲಿ, ಹೋಗೋದು ಅದೇ ಫೈಲ್. ಕನ್ನಡ ಟೈಪ್ ಮಾಡೋಕೆ ಐಬಸ್ ಎಂ17ಎನ್ ಹಾಕ್ತೀವಲ್ಲ, ಅಲ್ಲಿ ಎರಡೂ ಥರ ಒಟ್ಟಿಗೆ ಇದೆ. ಕೀಲಿ ಒತ್ತಿದ್ದನ್ನ ಹಿಡಿಯೋ ಎಂಜಿನ್ ಪ್ರತಿ ಪ್ರೊಸೆಸರ್‌ಗೆ ಬೇರೆ. ಯಾವ ಕೀಲಿಗೆ ಯಾವ ಅಕ್ಷರ ಅನ್ನೋ ಕೆಜಿಪಿ, ಇನ್‌ಸ್ಕ್ರಿಪ್ಟ್ ವಿನ್ಯಾಸದ ಪಟ್ಟಿ ಎಲ್ಲರಿಗೂ ಒಂದೇ. ನೀವು ಒಂದು ಕನ್ನಡ ಫಾಂಟೋ, ನಿಘಂಟಿನ ಪಟ್ಟಿಯೋ ಮಾಡಿ ಪ್ಯಾಕೇಜ್ ಕಟ್ಟೋದಾದ್ರೆ ‘ಆಲ್’ ಅಂತ ಗುರುತು ಹಾಕಿ. ಎಎಂಡಿ64 ಅಂತ ಹಾಕಿಬಿಟ್ರೆ ಪೈ ಇಟ್ಟುಕೊಂಡ ಮಗುವಿಗೆ ಅದು ಸುಮ್ಮನೆ ಸಿಗದೇ ಹೋಗುತ್ತೆ.

ಒಂದು ಸಲ ಇಳಿಸಿ, ಎಲ್ಲರಿಗೂ ಹಂಚಿ

ಲ್ಯಾಬಿನಲ್ಲಿ 10 ಮಷೀನು ಇದ್ದು ನೆಟ್ ನಿಧಾನ ಆದ್ರೆ ಏನು ಮಾಡೋದು? ಹತ್ತೂ ಒಂದೇ ಪ್ಯಾಕೇಜನ್ನ ಹತ್ತು ಸಲ ಇಳಿಸೋ ಅಗತ್ಯ ಇಲ್ಲ. ಒಂದು ಮಷೀನಿನಲ್ಲಿ ‘ಆಪ್ಟ್ ಕ್ಯಾಶರ್ ಎನ್‌ಜಿ’ ಅನ್ನೋ ಪ್ಯಾಕೇಜ್ ಹಾಕಿ. ಅದು 3142 ಅನ್ನೋ ಪೋರ್ಟಿನಲ್ಲಿ ಕೂತಿರುತ್ತೆ. ಉಳಿದ ಮಷೀನುಗಳ ‘ಆಪ್ಟ್ ಡಾಟ್ ಕಾನ್ಫ್ ಡಾಟ್ ಡಿ’ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲ್ ಮಾಡಿ, ಎಚ್‌ಟಿಟಿಪಿ ಪ್ರಾಕ್ಸಿಯಾಗಿ ಈ ಮಷೀನಿನ ಐಪಿ ವಿಳಾಸ ಮತ್ತು ಪೋರ್ಟ್ ಕೊಡಿ. ಮೊದಲ ಮಷೀನು ಕೇಳಿದಾಗ ಹೊರಗಿಂದ ಬರುತ್ತೆ, ಎರಡನೆಯದಕ್ಕೆ ಲ್ಯಾಬಿನೊಳಗಿಂದಲೇ ಸಿಗುತ್ತೆ.

ಈ ಕ್ಯಾಶರ್‌ಗೆ ಆರ್ಕಿಟೆಕ್ಚರ್ ಭೇದ ಇಲ್ಲ. ಆರ್ಮ್64 ಕೇಳಿದ್ರೆ ಅದನ್ನೂ ಇಟ್ಕೊಳ್ಳುತ್ತೆ, ಎಎಂಡಿ64 ಕೇಳಿದ್ರೆ ಅದನ್ನೂ ಇಟ್ಕೊಳ್ಳುತ್ತೆ. ಫಾಂಟಿನಂಥ ‘ಆಲ್’ ಪ್ಯಾಕೇಜುಗಳು ಒಂದೇ ಓಎಸ್ ಇರೋ ಎಲ್ಲ ಮಷೀನುಗಳಿಗೂ ಒಂದೇ ಪ್ರತಿಯಲ್ಲಿ ಸಾಗುತ್ತೆ. ರೆಪೊಸಿಟರಿ ವಿಳಾಸ ಎಚ್‌ಟಿಟಿಪಿಎಸ್ ಆಗಿದ್ರೆ ಮಾತ್ರ ಸುಮ್ಮನೆ ಕ್ಯಾಶ್ ಆಗಲ್ಲ, ಬೇರೆ ಹೊಂದಿಸಬೇಕು. ಎಚ್‌ಟಿಟಿಪಿ ಬಳಸಿದ್ರೆ ಯಾರಾದ್ರೂ ಪ್ಯಾಕೇಜ್ ತಿದ್ದಬಹುದಲ್ಲ ಅನ್ನೋ ಭಯಕ್ಕೆ ಉತ್ತರ, ಆ ರಿಲೀಸ್ ಫೈಲಿನ ಮೇಲಿರೋ ಡಿಜಿಟಲ್ ಸಹಿ. ಸಹಿ ಹೊಂದದಿದ್ರೆ ಆಪ್ಟ್ ಒಪ್ಪಲ್ಲ. ಅದಕ್ಕೇ ‘ಸೈನ್ಡ್ ಬೈ’ ಸಾಲು ಬಿಡಬೇಡಿ ಅಂದಿದ್ದು.

ಹಳೇ 32 ಬಿಟ್ ಮಷೀನು ಏನು ಮಾಡೋದು?

ಕೊನೆಯದಾಗಿ ತುರ್ತಿನ ವಿಷಯ. 2025ರ ಆಗಸ್ಟ್ 9ರಂದು ಡೆಬಿಯನ್ 13 ಬಂತು. ರಿಸ್ಕ್‌ವಿ64 ಮೊದಲ ಸಲ ಅಧಿಕೃತವಾಗಿ ಒಳಗೆ ಬಂತು. ಐಐಟಿ ಮದ್ರಾಸಿನ ಶಕ್ತಿ, ಸಿಡ್ಯಾಕ್‌ನ ವೇಗಾ ಪ್ರೊಸೆಸರ್‌ಗಳು ಇದೇ ರಿಸ್ಕ್‌ವಿ ಕುಟುಂಬದವು, ಹಾಗಾಗಿ ನಮಗೂ ಸಂಬಂಧಪಟ್ಟ ಸುದ್ದಿ. ಆದ್ರೆ ಅದೇ ಡೆಬಿಯನ್ 13ರಲ್ಲಿ ಐ386ಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ ಇಲ್ಲ. 64 ಬಿಟ್ ಮಷೀನಿನ ಮೇಲೆ ಹಳೇ ಪ್ರೋಗ್ರಾಮ್ ಓಡಿಸೋಕೆ ಅಂತ ಪ್ಯಾಕೇಜುಗಳನ್ನ ಮಾತ್ರ ಉಳಿಸಿಕೊಂಡಿದ್ದಾರೆ.

ಹಾಗಾದ್ರೆ ಡಿಪಿಕೆಜಿ ಐ386 ಅಂದ ಎಲ್ಲ ಮಷೀನೂ ಗುಜರಿಗಾ? ಅಲ್ಲ. ಇಲ್ಲೇ ಒಂದು ಪರೀಕ್ಷೆ ಮಾಡಿ. ‘ಎಲ್‌ಎಸ್‌ಸಿಪಿಯು’ ಅಂತ ಒಂದೇ ಪದ ಟೈಪ್ ಮಾಡಿ. ‘ಸಿಪಿಯು ಆಪ್ ಮೋಡ್ಸ್’ ಅನ್ನೋ ಸಾಲು ನೋಡಿ. ಅಲ್ಲಿ 32 ಬಿಟ್, 64 ಬಿಟ್ ಎರಡೂ ಇದ್ರೆ ಪ್ರೊಸೆಸರ್ 64 ಬಿಟ್‌ನದ್ದೇ. ಹಿಂದೆ ಯಾರೋ 32 ಬಿಟ್ ಓಎಸ್ ಹಾಕಿಟ್ಟಿದ್ದಾರೆ, ಅಷ್ಟೇ. ಮಕ್ಕಳ ಫೈಲುಗಳನ್ನ ಪೆನ್‌ಡ್ರೈವಿಗೆ ತೆಗೆದು ಎಎಂಡಿ64 ಹೊಸದಾಗಿ ಹಾಕಿ, ಮಷೀನು ಉಳೀತು. ಬರೀ 32 ಬಿಟ್ ಅಂತ ಇದ್ರೆ ಡೆಬಿಯನ್ 12ರಲ್ಲೇ ಇರಲಿ, 13ಕ್ಕೆ ಏರಿಸೋಕೆ ಹೋಗಬೇಡಿ. ಅಂಥದ್ದನ್ನ ನೆಟ್‌ಗೆ ಜೋಡಿಸದೆ ಟೈಪಿಂಗ್ ಕಲಿಸೋಕೋ, ಚಿತ್ರ ಬಿಡಿಸೋಕೋ ಬಳಸಿ.

ಇಷ್ಟೆಲ್ಲದರಲ್ಲಿ ಎರಡು ಮಾತು ನೆನಪಿದ್ರೂ ಸಾಕು. ಡಿಪಿಕೆಜಿಗೆ ಮಷೀನಿನ ಆರ್ಕಿಟೆಕ್ಚರ್ ಕೇಳಿ. ಸೋರ್ಸಸ್ ಫೈಲಿನಲ್ಲಿ ಪ್ರತಿ ವಿಳಾಸಕ್ಕೂ ಆ ಹೆಸರು ಬರೆದಿದೆಯಾ ನೋಡಿ.

ನಿಮ್ಮ ಊರಿನ ಶಾಲೆಯಲ್ಲೋ, ಗ್ರಂಥಾಲಯದಲ್ಲೋ ಬಟ್ಟೆ ಮುಚ್ಚಿಟ್ಟ ಕಂಪ್ಯೂಟರ್ ಇದ್ರೆ, ಮುಂದಿನ ಸಲ ಊರಿಗೆ ಹೋದಾಗ ಮೇಷ್ಟ್ರನ್ನ ಕೇಳಿ ಅದನ್ನ ಆನ್ ಮಾಡಿ. ಜೊತೆಗೆ ಡೆಬಿಯನ್‌ನ ಎಎಂಡಿ64 ಇನ್‌ಸ್ಟಾಲರ್ ಇರೋ ಒಂದು ಪೆನ್‌ಡ್ರೈವ್ ಒಯ್ಯಿರಿ. ಅಲ್ಲಿ ಹೋಗಿ ಡೌನ್‌ಲೋಡ್ ಮಾಡ್ತೀನಿ ಅಂತ ನಂಬ್ಕೊಂಡು ಹೋಗಬೇಡಿ. ಯಾಕಂದ್ರೆ ಕೆಲವು ಸಲ ನಿಜವಾಗಿಯೂ ನೆಟ್ ಇರಲ್ಲ.